ರಿಟರ್ನ್ ಸಲ್ಲಿಸಲು ಜೂನ್ ಮೂರನೇ ವಾರದವರೆಗೆ ಕಾಯಿರಿ

ಕಲಬುರಗಿಯ ನಮ್ಮ ಬಳಗದ ನೌಕರರು ಹಾಗೂ ಪಿಂಚಣಿದಾರರಲ್ಲಿ ಒಂದು ವಿನಂತಿ: ಪೋರ್ಟಲ್ ತೆರೆದ ಕೂಡಲೇ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಅವಸರಪಡಬೇಡಿ. ಬ್ಯಾಂಕುಗಳು ಮತ್ತು ಕಚೇರಿಗಳು ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ವಿವರ ಸಲ್ಲಿಸಲು ಮೇ 31ರವರೆಗೆ, ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16 ಕೊಡಲು ಜೂನ್ 15ರವರೆಗೆ ಅವಕಾಶವಿರುವುದರಿಂದ, ಅದಕ್ಕೂ ಮೊದಲು ನಮ್ಮ ಹೆಸರಿನ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುವ ಲೆಕ್ಕ ಬಹಳ ಸಲ ಅರ್ಧಂಬರ್ಧವಾಗಿರುತ್ತದೆ. ಒಮ್ಮೆ ನಾನು ಮೇ ತಿಂಗಳಲ್ಲೇ ಸಲ್ಲಿಸಿ ಬೀಗಿದ್ದೆ. ಜೂನ್‌ನಲ್ಲಿ ಠೇವಣಿಯ ಕೊನೆಯ ಮೂರು ತಿಂಗಳ ಬಡ್ಡಿ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣಿಸಿಕೊಂಡಿತು, ಪಾಸ್‌ಬುಕ್ ಹಿಡಿದು ಕುಳಿತು ಪರಿಷ್ಕೃತ ರಿಟರ್ನ್ ಹಾಕಬೇಕಾಯಿತು. ತಪ್ಪು ನನ್ನದೇ, ಪಾಸ್‌ಬುಕ್ಕನ್ನು ಮೊದಲೇ ನೋಡಬಹುದಿತ್ತು.

ಹಾಗೆಂದು ಜುಲೈ ಕೊನೆಯವರೆಗೂ ಎಳೆಯುವುದು ಸರಿಯಲ್ಲ. ಆ ದಿನಗಳಲ್ಲಿ ಪೋರ್ಟಲ್ ಆಮೆವೇಗದಲ್ಲಿ ಸಾಗುತ್ತದೆ. ಗಡುವು ಮೀರಿದರೆ 5,000 ರೂಪಾಯಿವರೆಗೆ, ಒಟ್ಟು ಆದಾಯ ಐದು ಲಕ್ಷದೊಳಗಿದ್ದರೆ 1,000 ರೂಪಾಯಿವರೆಗೆ ವಿಳಂಬ ಶುಲ್ಕ ಬೀಳುತ್ತದೆ. ಹಣ ವಾಪಸು ಬರಬೇಕಾದವರು ಜೂನ್ ಮೂರನೇ ವಾರದಲ್ಲಿ 26ಎಎಸ್, ಎಐಎಸ್ ಎರಡನ್ನೂ ಪಾಸ್‌ಬುಕ್‌ನೊಂದಿಗೆ ತಾಳೆ ನೋಡಿ ಸಲ್ಲಿಸುವುದು ಲೇಸು. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ಇ-ಪರಿಶೀಲನೆ ಮಾಡಬೇಕು; ಆಧಾರ್‌ಗೆ ಜೋಡಿಸಿದ ಹಳೆಯ ಸಿಮ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಇಂದೇ ನೋಡಿಕೊಳ್ಳಿ.