ಎಣಿಕೆ ಲೆಕ್ಕ: ಸೂತ್ರಕ್ಕೆ ಮೊದಲು ಪಟ್ಟಿ

ಪ್ರಥಮ ಪಿಯುಸಿಯ ‘ಕ್ರಮಯೋಜನೆ ಮತ್ತು ವಿಕಲ್ಪ’ ಅಧ್ಯಾಯದಲ್ಲಿ ಸೂತ್ರಗಳು ನಾಲ್ಕೈದು ಅಷ್ಟೆ. ಬಾಯಿಪಾಠಕ್ಕೆ ಅರ್ಧ ಗಂಟೆ ಸಾಕು. ಪಾವಗಡದಲ್ಲೋ ಶಿರಾದಲ್ಲೋ ಟ್ಯೂಷನ್ ಇಲ್ಲದೆ ಒಬ್ಬರೇ ಕೂತು ಓದುವವರು ತಿಣುಕುವುದು ಸೂತ್ರಕ್ಕಲ್ಲ, ತಪ್ಪಿದರೂ ತಪ್ಪಿದ್ದು ಗೊತ್ತಾಗುವುದಿಲ್ಲ ಎಂಬುದಕ್ಕೆ. ಸಮೀಕರಣವಾದರೆ ಬಂದ ಬೆಲೆಯನ್ನು ತಿರುಗಿ ಹಾಕಿ ತಾಳೆ ನೋಡಬಹುದು. 210 ಎಂದು ಬಂದ ಎಣಿಕೆಯನ್ನು ಎಲ್ಲಿಗೆ ಹಾಕಿ ನೋಡುವುದು? ಹಾಗಾಗಿ ತಾಳೆ ನೋಡುವುದನ್ನೂ ಲೆಕ್ಕದ ಜೊತೆಗೇ ಕಲಿಯಬೇಕು.

ಯಾವುದು ಬೇರೆ, ಯಾವುದು ಒಂದೇ

ಹಾಳೆಯಲ್ಲಿ ಮೊದಲು ಬರೆಯಬೇಕಾದ ಪ್ರಶ್ನೆ ಇದು. ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕು. ಜಿಲ್ಲಾ ಕ್ರೀಡಾಕೂಟದಲ್ಲಿ ಮೊದಲ ಮೂರು ಸ್ಥಾನ ಎಷ್ಟು ಬಗೆಯಲ್ಲಿ ಹಂಚಿಹೋಗಬಹುದು? 10 × 9 × 8 = 720. ಅದೇ ಹತ್ತರಲ್ಲಿ ಮೂರನ್ನು ಬರ ಪರಿಶೀಲನೆಗೆ ಆರಿಸಬೇಕಾದರೆ? ಶಿರಾ–ಪಾವಗಡ–ಮಧುಗಿರಿ, ಪಾವಗಡ–ಶಿರಾ–ಮಧುಗಿರಿ ಎಂದು ಈ ಮೂರೇ ಹೆಸರನ್ನು ಅದಲು ಬದಲು ಮಾಡಿ ಬರೆಯಿರಿ, ಆರು ಸಾಲು ಆಗುತ್ತದೆ. ಕ್ರೀಡಾಕೂಟಕ್ಕೆ ಅವು ಆರು ಫಲಿತಾಂಶ, ಬರ ಪರಿಶೀಲನೆಗೆ ಒಂದೇ. ಅದಕ್ಕೇ 720ನ್ನು 6ರಿಂದ ಭಾಗಿಸಿ 120. ವಿಕಲ್ಪದ ಸೂತ್ರದ ಒಳಗೆ ಇರುವುದು ಇಷ್ಟೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದೂ ಇದೇ ಭಾಗಾಕಾರ.

ಇನ್ನೊಂದು ಬಗೆಯ ‘ಒಂದೇ’ ಇದೆ. ಆರು ತಟ್ಟೆ ಇಡ್ಲಿಯನ್ನು ಮೂವರಿಗೆ, ಒಬ್ಬೊಬ್ಬರಿಗೂ ಕನಿಷ್ಠ ಒಂದು ಬರುವಂತೆ ಹಂಚಬೇಕು. ‘ಪ್ರತಿ ಇಡ್ಲಿಗೂ ಮೂರು ಆಯ್ಕೆ’ ಎಂದು 3ನ್ನು ಆರು ಸಲ ಗುಣಿಸಲು ಹೊರಟರೆ ಕೆಟ್ಟಿತು. ಈ ಇಡ್ಲಿ ಆ ಇಡ್ಲಿ ಎಂಬ ಭೇದ ತಿನ್ನುವವರಿಗಿಲ್ಲ, ಯಾರಿಗೆ ಎಷ್ಟು ಎಂಬುದಷ್ಟೇ ಲೆಕ್ಕ. ಆರು ಇಡ್ಲಿಯನ್ನು ಸಾಲಾಗಿ ಇಡಿ. ನಡುವೆ ಐದು ಸಂದು. ಎರಡು ಸಂದಿನಲ್ಲಿ ಕಡ್ಡಿ ಇಟ್ಟರೆ ಮೂರು ಪಾಲು. ಐದರಲ್ಲಿ ಎರಡನ್ನು ಆರಿಸುವ ಬಗೆ 10. ತಾಳೆ: 4, 1, 1 ಹಂಚಿಕೆ ಮೂರು ಬಗೆ; 3, 2, 1 ಆರು ಬಗೆ; 2, 2, 2 ಒಂದು. ಮೊತ್ತ 10.

ಎರಡೆರಡು ಸಲ ಎಣಿಸುವ ಚಾಳಿ

ಐದು ಹುಡುಗಿಯರು, ನಾಲ್ಕು ಹುಡುಗರು. ಕ್ವಿಜ್‌ಗೆ ನಾಲ್ವರ ತಂಡ ಬೇಕು, ಹುಡುಗಿಯರು ಕನಿಷ್ಠ ಇಬ್ಬರು. ಬಹುಪಾಲು ಮಂದಿ ಹೀಗೆ ಹೊರಡುತ್ತಾರೆ: ಮೊದಲು ಐವರಲ್ಲಿ ಇಬ್ಬರು ಹುಡುಗಿಯರು, 10 ಬಗೆ, ಉಳಿದ ಏಳು ಮಂದಿಯಲ್ಲಿ ಯಾರಾದರೂ ಇಬ್ಬರು, 21 ಬಗೆ, ಗುಣಿಸಿದರೆ 210. ಓದುವುದಕ್ಕೆ ಎಷ್ಟು ಸರಿ ಕಾಣುತ್ತದೆ! ಆದರೆ ಷರತ್ತೇ ಇಲ್ಲದೆ ಒಂಬತ್ತರಲ್ಲಿ ನಾಲ್ವರನ್ನು ಆರಿಸಿದರೂ ಆಗುವುದು 126. ಷರತ್ತು ಹಾಕಿದ ಮೇಲೆ ಎಣಿಕೆ ಹಿಗ್ಗುವುದುಂಟೇ?

ಗೀತಾ, ಮಂಜುಳಾ, ರೇಖಾ ಮತ್ತು ರವಿ ಇರುವ ತಂಡವನ್ನೇ ಹಿಡಿದು ನೋಡಿ. ಗೀತಾ–ಮಂಜುಳಾರನ್ನು ಮೊದಲು ಆರಿಸಿ ಆಮೇಲೆ ರೇಖಾ–ರವಿಯನ್ನು ಸೇರಿಸಿದಾಗ ಅದು ಒಂದು ಸಲ ಎಣಿಕೆಗೆ ಬಂತು. ಗೀತಾ–ರೇಖಾ ಮೊದಲು, ಮಂಜುಳಾ–ರವಿ ಆಮೇಲೆ: ಮತ್ತೊಂದು ಸಲ. ಮಂಜುಳಾ–ರೇಖಾ ಮೊದಲು: ಮೂರನೇ ಸಲ. ನಾಲ್ವರೂ ಹುಡುಗಿಯರೇ ಆದ ತಂಡವಂತೂ ಆರು ಸಲ ನುಸುಳಿದೆ.

ಸರಿ ದಾರಿ ಎಂದರೆ ಒಂದಕ್ಕೊಂದು ಹಾಯದ ಪ್ರಕರಣಗಳಾಗಿ ಒಡೆಯುವುದು. ಸರಿಯಾಗಿ ಇಬ್ಬರು ಹುಡುಗಿಯರು: 10 × 6 = 60. ಮೂವರು: 10 × 4 = 40. ನಾಲ್ವರು: 5. ಒಟ್ಟು 105. ಈಗ ಬೇಡದ್ದನ್ನು ಎಣಿಸಿ: ಹುಡುಗಿಯರೇ ಇಲ್ಲದ ತಂಡ 1, ಒಬ್ಬಳೇ ಇರುವ ತಂಡ 5 × 4 = 20. 126ರಲ್ಲಿ 21 ಕಳೆದರೆ 105. ಎರಡು ದಾರಿಯೂ ಒಂದೇ ಊರಿಗೆ ಬಂದವು. ತಪ್ಪು ಉತ್ತರವನ್ನೂ ಬಿಡಬೇಡಿ, ಅದು ಎಲ್ಲಿಂದ ಬಂತು ನೋಡಿ: 60 × 1, 40 × 3, 5 × 6, ಕೂಡಿದರೆ ಅದೇ 210. ಹೀಗೆ ಒಂದು ತಪ್ಪಿನ ಬುಡ ಹುಡುಕಿದರೆ ಹತ್ತು ಹೊಸ ಲೆಕ್ಕ ಮಾಡಿದಷ್ಟು ಲಾಭ. ‘ಕನಿಷ್ಠ’ ಎಂಬ ಪದ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಅಡಿಗೆರೆ ಎಳೆಯಿರಿ.

ಕನ್ನಡ ಪಾಠದಿಂದಲೇ ಒಂದು ಅಭ್ಯಾಸ

ಇಂಗ್ಲಿಷ್ ಅಕ್ಷರ ಜೋಡಿಸುವ ಲೆಕ್ಕಗಳು ಬೇಸರ ತಂದರೆ ಛಂದಸ್ಸಿಗೆ ಬನ್ನಿ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯ ಗಣ ಎಷ್ಟು ವಿನ್ಯಾಸದಲ್ಲಿ ಬರಬಹುದು? ಲಲಲ, ಗುಲ, ಲಗು: ಮೂರು. ನಾಲ್ಕು ಮಾತ್ರೆಗೆ? ನೇರ ಬರೆಯುವ ಬದಲು ಮೊದಲ ಅಕ್ಷರ ನೋಡಿ. ಅದು ಲಘುವಾದರೆ ಉಳಿದದ್ದು ಮೂರು ಮಾತ್ರೆ, 3 ಬಗೆ. ಗುರುವಾದರೆ ಉಳಿದದ್ದು ಎರಡು, 2 ಬಗೆ. ಒಟ್ಟು 5. ಹಿಂದಿನ ಎರಡನ್ನು ಕೂಡುತ್ತಾ ಹೋದರೆ 1, 2, 3, 5, 8.

ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ 3, 4, 3, 4 ಮಾತ್ರೆಯ ಗಣಗಳು. ಗುಣಿಸಿದರೆ 3 × 5 × 3 × 5 = 225. ಆದರೆ ಗಣದ ಆದಿಯಲ್ಲಿ ಲಗಂ, ಅಂದರೆ ಲಘುವಿನ ಬೆನ್ನಿಗೇ ಗುರು, ಬರಕೂಡದು ಎಂಬ ನಿಯಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿರುತ್ತಾರಲ್ಲ. ಮೂರರಲ್ಲಿ ‘ಲಗು’ ಹೋಯಿತು, ಐದರಲ್ಲಿ ‘ಲಗುಲ’ ಹೋಯಿತು. ಉಳಿದದ್ದು 2 × 4 × 2 × 4 = 64. ನಿರ್ಬಂಧವಿದ್ದಾಗ ಗುಣಿಸಿದ ಮೇಲೆ ಕಳೆಯಲು ಹೋಗದೆ, ಗುಣಿಸುವ ಮುನ್ನ ಒಂದೊಂದು ಸ್ಥಾನದಲ್ಲೇ ಕಳೆಯುವುದು ಸುಲಭ.

ದಿನಕ್ಕೆ ಮೂರು ಲೆಕ್ಕ ಸಾಕು. ಒಂದೊಂದಕ್ಕೂ ಇಪ್ಪತ್ತು ನಿಮಿಷ ಕೊಡದೆ ಹಿಂದಿನ ಪುಟದ ಉತ್ತರ ತೆಗೆಯಬೇಡಿ. ಸಂಖ್ಯೆ ದೊಡ್ಡದಿದ್ದರೆ ಹತ್ತನ್ನು ನಾಲ್ಕಕ್ಕೆ, ಮೂರನ್ನು ಎರಡಕ್ಕೆ ಇಳಿಸಿ ಪೂರ್ತಿ ಪಟ್ಟಿ ಬರೆದು, ನಿಮ್ಮ ವಾದ ಅಲ್ಲಿ ನಿಲ್ಲುತ್ತದೆಯೇ ನೋಡಿ.

ಇವತ್ತಿಗೆ ಒಂದು: ಕುಸುಮ ಷಟ್ಪದಿಯ ಮೊದಲ ಸಾಲಿನಲ್ಲಿ ಐದೈದು ಮಾತ್ರೆಯ ಎರಡು ಗಣ. ಲಗಂ ನಿಯಮ ಪಾಲಿಸಿದರೆ ಎಷ್ಟು ವಿನ್ಯಾಸ? 36 ಬರಬೇಕು. 64 ಬಂದರೆ ನಿಯಮ ಮರೆತಿದ್ದೀರಿ. 49 ಬಂದರೆ ಲಗಂನಿಂದ ಶುರುವಾಗುವ ಎರಡು ಗಣಗಳಲ್ಲಿ ಒಂದನ್ನಷ್ಟೇ ತೆಗೆದಿದ್ದೀರಿ. ಎಂಟನ್ನೂ ಬರೆದು ಇನ್ನೊಂದನ್ನು ಹುಡುಕಿ.