ದಾರ, ನಟ್, ಮೊಬೈಲ್: ಮನೆಯಲ್ಲೇ ಗುರುತ್ವ ಅಳೆಯುವುದು ಹೇಗೆ?

ಪಠ್ಯಪುಸ್ತಕದಲ್ಲಿ ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀ./ಸೆ. ಹೆಚ್ಚುತ್ತದೆ ಎಂಬುದು) 9.8 ಎಂದು ಅಚ್ಚಾಗಿರುತ್ತದೆ. ಲೋಲಕದ (ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡಿನ) ಪ್ರಯೋಗ ಮಾಡಿದವರ ರೆಕಾರ್ಡ್ ಪುಸ್ತಕದಲ್ಲೂ ಅದೇ ಇರುತ್ತದೆ, ಬಂದದ್ದು 9.3 ಆಗಿದ್ದರೂ! ಹೀಗೆ ತಿದ್ದದೆಯೇ ಶೇ 1ರಷ್ಟು ತಪ್ಪಿನೊಳಗೆ ಉತ್ತರ ತರಬಹುದು. ಅದಕ್ಕೆ ದುಬಾರಿ ಉಪಕರಣ ಬೇಡ, ತಪ್ಪು ಎಲ್ಲಿಂದ ನುಸುಳುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಬೇಕಾಗುವ ಸಾಮಾನು: ಒಂದೂಕಾಲು ಮೀಟರ್ ಗಟ್ಟಿ ಹೊಲಿಗೆ ದಾರ, 16 ಎಂಎಂ ಬೋಲ್ಟಿಗೆ ಹಾಕುವ ಕಬ್ಬಿಣದ ನಟ್, ಎರಡು ಮರದ ಸ್ಕೇಲು, ಎರಡು ಬೈಂಡರ್ ಕ್ಲಿಪ್, ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲ್. ಉಣ್ಣೆ ದಾರ, ಎಲಾಸ್ಟಿಕ್ ಬೇಡ. ಅವು ಹಿಗ್ಗುತ್ತವೆ, ಉದ್ದ ನಿಲ್ಲುವುದಿಲ್ಲ.

ಮೊದಲು ತೂಗುಬಿಂದು. ಮೊಳೆಗೆ ದಾರ ಸುತ್ತಿದರೆ ಗುಂಡು ಆ ಕಡೆ ಹೋದಾಗ ದಾರ ಮೊಳೆಯನ್ನು ಇನ್ನಷ್ಟು ಸುತ್ತಿಕೊಳ್ಳುತ್ತದೆ, ಈ ಕಡೆ ಬಂದಾಗ ಬಿಚ್ಚಿಕೊಳ್ಳುತ್ತದೆ. ಉದ್ದ ಎಲ್ಲಿಂದ ಶುರು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಎರಡು ಸ್ಕೇಲುಗಳನ್ನು ಮುಖಾಮುಖಿ ಜೋಡಿಸಿ, ನಡುವೆ ದಾರ ಸಿಕ್ಕಿಸಿ ಕ್ಲಿಪ್ ಹಾಕಿ. ಬೀರುವಿನ ಮೇಲೆ ದಪ್ಪ ಪುಸ್ತಕಗಳ ನಡುವೆ ಸ್ಕೇಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ತುದಿ ನಾಲ್ಕು ಇಂಚು ಮುಂದೆ ಚಾಚಿರಲಿ. ಲೋಲಕ ಬೀರುವಿನ ಬಾಗಿಲಿಗೆ ಸಮಾನಾಂತರವಾಗಿ, ಅಂದರೆ ಸ್ಕೇಲಿನ ಸೀಳಿಗೆ ಅಡ್ಡಲಾಗಿ ತೂಗಬೇಕು. ಸ್ಕೇಲು ಅಲ್ಲಾಡಕೂಡದು.

ಸ್ಕೇಲಿನ ಕೆಳ ಅಂಚಿನಿಂದ ನಟ್‌ನ ಮೇಲಿನ ಗಂಟಿನವರೆಗೆ ಸರಿಯಾಗಿ 1 ಮೀಟರ್ ಇಡಿ. ಫ್ಯಾನ್ ಆರಿಸಿ. ನಟ್ಟನ್ನು 15 ಸೆಂ.ಮೀ. ಪಕ್ಕಕ್ಕೆ ಎಳೆದು, ತಳ್ಳದೆ, ಸುಮ್ಮನೆ ಕೈಬಿಡಿ. ಇನ್ನೂ ದೂರ ಎಳೆದರೆ ನಾವು ಬಳಸುವ ಸೂತ್ರವೇ (ಗುರುತ್ವ = 4π² × ಉದ್ದ ÷ ಒಂದು ಆಂದೋಲನದ ಕಾಲದ ವರ್ಗ; ಆಂದೋಲನ ಎಂದರೆ ಹೋಗಿ ಮರಳಿ ಬರುವ ಒಂದು ಪೂರ್ತಿ ತೂಗಾಟ) ಕೈಕೊಡುತ್ತದೆ: ಕೋನ 30 ಡಿಗ್ರಿ ಆದರೆ ಒಂದು ಆಂದೋಲನಕ್ಕೆ ಹಿಡಿಯುವ ಕಾಲ ಶೇ 1.7ರಷ್ಟು ಹೆಚ್ಚುತ್ತದೆ, ಗುರುತ್ವದ ಲೆಕ್ಕ ಶೇ 3ಕ್ಕೂ ಮಿಕ್ಕಿ ತಗ್ಗುತ್ತದೆ. ನಟ್ ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿದರೆ ನಿಲ್ಲಿಸಿ ಮತ್ತೆ ಬಿಡಿ.

ಎಣಿಕೆ ಎಲ್ಲಿಂದ? ಬಹುತೇಕರು ತುದಿಯಿಂದ ಶುರುಮಾಡುತ್ತಾರೆ. ಅಲ್ಲಿ ನಟ್ ನಿಂತಂತೆಯೇ ಇರುವುದರಿಂದ ಯಾವ ಕ್ಷಣ ಗುಂಡಿ ಒತ್ತಬೇಕೆಂದು ಬೆರಳಿಗೆ ತಿಳಿಯುವುದಿಲ್ಲ. ನಟ್ ಅತಿ ವೇಗವಾಗಿ ಹಾಯುವುದು ನಡುವಿನ ತಗ್ಗಿನಲ್ಲಿ. ಹಿಂದಿರುವ ಬೀರುವಿನ ಬಾಗಿಲ ಮೇಲೆ ಅಲ್ಲೊಂದು ಪೆನ್ಸಿಲ್ ಗೆರೆ ಎಳೆದು, ನಟ್ ಎಡದಿಂದ ಬಲಕ್ಕೆ ಗೆರೆ ದಾಟಿದಾಗ ‘ಸೊನ್ನೆ’ ಎನ್ನುತ್ತ ಸ್ಟಾಪ್‌ವಾಚ್ ಒತ್ತಿ. ಮತ್ತೆ ಅದೇ ದಿಕ್ಕಿನಲ್ಲಿ ದಾಟಿದಾಗ ‘ಒಂದು’. ಇಪ್ಪತ್ತಕ್ಕೆ ನಿಲ್ಲಿಸಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಈಗ ದಾರವನ್ನು ಮೇಲಕ್ಕೆ ಜಗ್ಗಿ 25 ಸೆಂ.ಮೀ.ಗೆ ಇಳಿಸಿ, ಮೂರ್ನಾಲ್ಕು ಸೆಂ.ಮೀ. ಮಾತ್ರ ಎಳೆದು ಬಿಟ್ಟು ಇಪ್ಪತ್ತು ಎಣಿಸಿ. ಈ ಎರಡನೇ ಅಳತೆಯೇ ಇಡೀ ಪ್ರಯೋಗದ ಗುಟ್ಟು.

ಯಾಕೆಂದರೆ ಸೂತ್ರ ಕೇಳುವ ಉದ್ದ ಗಂಟಿನವರೆಗಿನದಲ್ಲ, ನಟ್‌ನ ದ್ರವ್ಯರಾಶಿ ಕೇಂದ್ರದವರೆಗಿನದು, ಅಂದರೆ ಅದರ ನಟ್ಟನಡುವಿನವರೆಗಿನದು. ಗಂಟಿನಿಂದ ಅಲ್ಲಿಗಿರುವ ಸುಮಾರು ಒಂದೂವರೆ ಸೆಂ.ಮೀ.ಯನ್ನು ಟೇಪಿನಲ್ಲಿ ನಿಖರವಾಗಿ ಹಿಡಿಯುವುದು ಕಷ್ಟ. ಉದಾಹರಣೆಗೆ ಇಪ್ಪತ್ತು ಆಂದೋಲನಗಳಿಗೆ 40.5 ಸೆಕೆಂಡು ಮತ್ತು 20.7 ಸೆಕೆಂಡು ಬಂತೆನ್ನಿ. ಒಂದು ಆಂದೋಲನಕ್ಕೆ 2.025 ಮತ್ತು 1.035. ವರ್ಗ ಮಾಡಿದರೆ 4.101 ಮತ್ತು 1.071. ಉದ್ದವನ್ನು 39.48ರಿಂದ (ಅದು 4π²) ಗುಣಿಸಿ ಈ ವರ್ಗದಿಂದ ಭಾಗಿಸಿದರೆ ಮೊದಲನೆಯದು 9.63 ಕೊಡುತ್ತದೆ, ಎರಡನೆಯದು 9.21. ಒಂದೇ ಮನೆಯಲ್ಲಿ ಎರಡು ಗುರುತ್ವ! ಬಿಟ್ಟುಹೋದ ತುಣುಕು ಚಿಕ್ಕ ಲೋಲಕವನ್ನು ಹೆಚ್ಚು ಕೆಡಿಸಿದೆ.

ಈಗ ವ್ಯತ್ಯಾಸ ಹಿಡಿಯಿರಿ. ಉದ್ದಗಳ ವ್ಯತ್ಯಾಸ 0.75 ಮೀಟರ್, ವರ್ಗಗಳ ವ್ಯತ್ಯಾಸ 3.03. 39.48 × 0.75 ÷ 3.03 = 9.77. ಆ ಒಂದೂವರೆ ಸೆಂ.ಮೀ. ಎರಡೂ ಕಡೆ ಇದ್ದುದರಿಂದ ಕಳೆದಾಗ ಹೊರಟೇ ಹೋಯಿತು. ಬೆಂಗಳೂರಿನಲ್ಲಿ ಗುರುತ್ವ ಸುಮಾರು 9.78.

ತೂಕದ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಂದು ನಟ್ಟನ್ನು ಪಕ್ಕದಲ್ಲೇ ಕಟ್ಟಿ ನೋಡಿ, ಕಾಲ ಬದಲಾಗುವುದಿಲ್ಲ: ಎಳೆಯುವ ಬಲ ದುಪ್ಪಟ್ಟಾದರೆ ಚಲಿಸಬೇಕಾದ ದ್ರವ್ಯರಾಶಿಯೂ ದುಪ್ಪಟ್ಟು. ಕೆಳಗೆ ಜೋತುಬಿಟ್ಟರೆ ಮಾತ್ರ ಉದ್ದವೇ ಬೆಳೆದು ಮೋಸವಾಗುತ್ತದೆ.

ಶಕ್ತಿಯ ಲೆಕ್ಕವೂ ಇದರಲ್ಲೇ ಸಿಗುತ್ತದೆ. ಒಂದು ಮೀಟರ್ ಲೋಲಕವನ್ನು 15 ಸೆಂ.ಮೀ. ಎಳೆದಾಗ ನಟ್ ಮೇಲೇರುವುದು ಬರೀ 1.1 ಸೆಂ.ಮೀ. ಹಾಗೆ ಏರಿದ್ದರಿಂದ ಕೂಡಿದ ಪ್ರಚ್ಛನ್ನ ಶಕ್ತಿ ತಗ್ಗಿನಲ್ಲಿ ಚಲನ ಶಕ್ತಿಯಾಗಿ, ಸೆಕೆಂಡಿಗೆ ಸುಮಾರು 47 ಸೆಂ.ಮೀ. ವೇಗ ಕೊಡುತ್ತದೆ. ತೂಗಾಟ 15ರಿಂದ 7.5 ಸೆಂ.ಮೀ.ಗೆ ಇಳಿದಾಗ ಉಳಿದಿರುವ ಶಕ್ತಿ ಅರ್ಧವಲ್ಲ, ಕಾಲುಭಾಗ. ಮುಕ್ಕಾಲು ಪಾಲು ಗಾಳಿಗೂ ದಾರದ ಬಾಗುವಿಕೆಗೂ ಹೋಗಿರುತ್ತದೆ.

ಧ್ರುವದಲ್ಲಿ 9.83, ಸಮಭಾಜಕದಲ್ಲಿ 9.78. ಈ ವ್ಯತ್ಯಾಸ ನಮ್ಮ ನಟ್ಟಿಗೆ ಎಟುಕದು. ಬ್ರಿಟಿಷರ ಕಾಲದ ಭಾರತೀಯ ಸರ್ವೆ ಇಲಾಖೆಯ ಅಧಿಕಾರಿ ಜೇಮ್ಸ್ ಬಸೇವಿ 1865ರಿಂದ ಭಾರತದುದ್ದಕ್ಕೂ ಅಳೆದದ್ದು ಇಂಥ ಸೂಕ್ಷ್ಮಗಳನ್ನೇ, ಲೋಲಕದಿಂದಲೇ. 1871ರಲ್ಲಿ ಲಡಾಖ್‌ನ ಎತ್ತರದಲ್ಲಿ ಅದೇ ಕೆಲಸದಲ್ಲಿದ್ದಾಗ ಅವರು ತೀರಿಕೊಂಡರು.

ಉತ್ತರ ಎಡವಟ್ಟಾಗಿ ಬಂದರೆ ಸಂಖ್ಯೆಯೇ ಕಾರಣ ಹೇಳುತ್ತದೆ. 10.8ರ ಸುತ್ತ ಬಂದರೆ ‘ಸೊನ್ನೆ’ ಬದಲು ‘ಒಂದು’ ಎಂದು ಶುರುಮಾಡಿದ್ದೀರಿ, ಎಣಿಸಿದ್ದು ಹತ್ತೊಂಬತ್ತೇ. 39ರ ಸುತ್ತ ಬಂದರೆ ಎಡಕ್ಕೆ ಹೋದದ್ದನ್ನೂ ಬಲಕ್ಕೆ ಬಂದದ್ದನ್ನೂ ಬೇರೆಬೇರೆ ಎಣಿಸಿದ್ದೀರಿ. 9.5ಕ್ಕಿಂತ ಕೆಳಗಿದ್ದರೆ ಕೋನ ದೊಡ್ಡದಾಗಿದೆ, ಇಲ್ಲವೇ ಸ್ಕೇಲಿನ ತುದಿ ಲೋಲಕದ ಜತೆ ಅಲ್ಲಾಡುತ್ತಿದೆ. ಇನ್ನೆರಡು ಪುಸ್ತಕ ಹೇರಿ ಮತ್ತೆ ಅಳೆಯಿರಿ.