ಬಿಲ್ ಬುಕ್‌ನಿಂದ ಪ್ರೂಫ್‌ವರೆಗೆ: ಡಿಟಿಪಿಯಲ್ಲಿ ವಾಟರ್‌ಮಾರ್ಕ್ ಕೂರಿಸುವ ಬಗೆ

ಗಂಗಾವತಿಯ ರೈಸ್ ಮಿಲ್ಲಿನ ಬಿಲ್ ಬುಕ್‌ಗೆ ಭತ್ತದ ತೆನೆ ತೆಳುವಾಗಿ ಕಾಣಬೇಕು. ಕೊಪ್ಪಳದ ಗವಿಮಠದ ಜಾತ್ರೆ ಹೊತ್ತಿಗೆ ಹಂಚುವ ಕರಪತ್ರದಲ್ಲಿ ಹಿಂದೆ ಮಠದ ಚಿತ್ರ ಇರಬೇಕು. ಬಳ್ಳಾರಿಯ ಮದುವೆ ಕಾರ್ಡಿನ ಪ್ರೂಫನ್ನು (ಅಚ್ಚಿಗೆ ಮುಂಚೆ ಓದಿ ತಿದ್ದಲು ಕೊಡುವ ಪ್ರತಿ) ಗಿರಾಕಿಯ ವಾಟ್ಸಾಪ್‌ಗೆ ಕಳಿಸುವಾಗ ಅಡ್ಡಲಾಗಿ 'ಪ್ರೂಫ್' ಎಂದಿರಬೇಕು. ಮೂರಕ್ಕೂ ಹೆಸರು ವಾಟರ್‌ಮಾರ್ಕ್ ಎಂದೇ. ಆದರೆ ಮೊದಲೆರಡು ಮ್ಯಾಟರ್‌ನ (ಪುಟದ ಬರಹದ) ಕೆಳಗೆ ಕೂತು ಅಚ್ಚಾಗುವಂಥವು, ಮೂರನೆಯದು ಮ್ಯಾಟರ್‌ನ ಮೇಲೆ ಕೂತು ಅಚ್ಚಿಗೆ ಮುಂಚೆ ತೊಲಗಬೇಕಾದದ್ದು. ಯಾವುದು ಬೇಕು ಎಂದು ಫೈಲ್ ತೆರೆಯುವ ಮೊದಲೇ ಗೊತ್ತಿದ್ದರೆ ಅರ್ಧ ತಾಪತ್ರಯ ಕಡಿಮೆ.

ಮೊದಲು ಬಣ್ಣದ ಲೆಕ್ಕ. ಸ್ಕ್ರೀನಿನ ಮೇಲೆ ಚೆಂದ ಕಂಡ ತೆಳು ಬಣ್ಣವನ್ನು ನಂಬಬೇಡಿ. ಮ್ಯಾಪ್ಲಿಥೋ (ಅಚ್ಚಿನ ಸಾದಾ ಬಿಳಿ) ಕಾಗದದಲ್ಲಿ ಕಪ್ಪಿನ 10ರಿಂದ 15 ಪರ್ಸೆಂಟ್ ಟಿಂಟ್ ಸಾಕು; ಟಿಂಟ್ ಎಂದರೆ ಸಣ್ಣ ಚುಕ್ಕೆಗಳಾಗಿ ಅಚ್ಚಾಗುವ ಅದೇ ಬಣ್ಣದ ತೆಳು ಛಾಯೆ. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಚುಕ್ಕೆ ಹರಡಿಸುತ್ತದೆ, ಅಲ್ಲಿ 8–10ಕ್ಕೆ ನಿಲ್ಲಿಸಿ. 5ಕ್ಕಿಂತ ಕೆಳಗಿಳಿದರೆ ಲೇಸರ್ ಪ್ರಿಂಟರಿನಲ್ಲಿ ಚುಕ್ಕೆಗಳೇ ಬೀಳದೆ ವಾಟರ್‌ಮಾರ್ಕ್ ಮಾಯ. ಟೋನರ್ ಸೇವ್ ಆನ್ ಇದ್ದರೂ, ಕಾರ್ಟ್ರಿಜ್ ಮುಗಿಯುತ್ತಾ ಬಂದಿದ್ದರೂ ಮೊದಲು ಹೋಗುವುದು ಈ ತೆಳು ಭಾಗವೇ. ಹಾಗಾಗಿ ಅಚ್ಚಿಗೆ ಹೋಗುವ ಕಾಗದದ ಮೇಲೆಯೇ 8, 12, 16 ಪರ್ಸೆಂಟಿನ ಮೂರು ಪಟ್ಟಿ ಹಾಕಿ ಒಂದು ಪ್ರಿಂಟ್ ತೆಗೆದು, ಅದರ ಮೇಲೆ ಪೆನ್ನಿನಲ್ಲಿ ಬರೆದು ನೋಡಿ. ಬಿಲ್ ಬುಕ್ಕಿನ ಮೇಲೆ ಕೈಬರಹ ಬರುತ್ತದಲ್ಲ. ನೀಲಿ ಪೆನ್ನಿನ ಅಂಕಿ ಓದಲು ಕಷ್ಟವಾದರೆ ಟಿಂಟ್ ಜಾಸ್ತಿಯಾಯಿತೆಂದೇ ಅರ್ಥ.

ಒಂದೇ ಬಣ್ಣದ ಆಫ್‌ಸೆಟ್ ಕೆಲಸವಾದರೆ ಇನ್ನೊಂದು ಎಚ್ಚರ. ಬಿಲ್ ಬುಕ್ ಹಸಿರು ಶಾಯಿಯಲ್ಲಿ ಅಚ್ಚಾಗುವುದಿದ್ದು, ತೆನೆಗೆ ಬೂದು ಬಣ್ಣ ಕೊಟ್ಟರೆ ಅದು ಎರಡನೇ ಪ್ಲೇಟ್ (ಒಂದೊಂದು ಶಾಯಿಗೂ ಬೇರೆಯಾಗಿ ಬೇಕಾಗುವ ಅಚ್ಚಿನ ತಗಡು) ಬೇಡುತ್ತದೆ. ಮ್ಯಾಟರ್‌ಗೆ ಕೊಟ್ಟ ಅದೇ ಹಸಿರಿನ 12 ಪರ್ಸೆಂಟ್ ಕೊಡಿ, ಒಂದೇ ಪ್ಲೇಟಿನಲ್ಲಿ ಎರಡೂ ಬರುತ್ತವೆ.

ಓರೆಯಾಗಿ ಕೂರಿಸುವಾಗ ಎಲ್ಲರೂ 45 ಡಿಗ್ರಿ ಹಾಕುತ್ತಾರೆ. ಆದರೆ ಎ4 ಹಾಳೆ 210×297 ಮಿಮೀ. ಮೂಲೆಯಿಂದ ಮೂಲೆಗೆ ಹೋಗುವ ಗೆರೆಯ ಕೋನ ಸುಮಾರು 55 ಡಿಗ್ರಿ, ಉದ್ದ ಸುಮಾರು 364 ಮಿಮೀ. ಎ5ಕ್ಕೂ ಅದೇ ಕೋನ. ಕೋರ್ಟ್ ಪಕ್ಕದ ಸೆಂಟರುಗಳಲ್ಲಿ ಓಡುವ ಲೀಗಲ್ ಸೈಜಿಗೆ 59ರ ಹತ್ತಿರ. ಎ4ನಲ್ಲಿ ಅಕ್ಷರದ ಸಾಲು 250 ಮಿಮೀ ದಾಟದಿದ್ದರೆ ಎರಡೂ ತುದಿಯಲ್ಲಿ ಉಸಿರಾಡಲು ಜಾಗ ಉಳಿಯುತ್ತದೆ.

ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಹಳೆಯ ನುಡಿ ಫಾಂಟಿನ ಫೈಲುಗಳ ದೆಸೆಯಿಂದ ಅದನ್ನು ಬಿಡದ ಸೆಂಟರುಗಳು ಇಂದಿಗೂ ಉಂಟು. ಅದರಲ್ಲಿ ಟ್ರಾನ್ಸ್‌ಪರೆನ್ಸಿ (ಕೆಳಗಿನದು ಕಾಣುವಂಥ ಪಾರದರ್ಶಕತೆ) ಇಲ್ಲ, ಟಿಂಟ್ ಮಾತ್ರ. ವಾಟರ್‌ಮಾರ್ಕ್‌ಗೆ ಅಷ್ಟೇ ಸಾಕು. ಕೆಳಗೆ ಎಡಮೂಲೆಯ ಮಾಸ್ಟರ್ ಪೇಜ್ (ಇದರಲ್ಲಿ ಇಟ್ಟದ್ದು ಎಲ್ಲ ಪುಟಕ್ಕೂ ಬರುತ್ತದೆ) ಗುರುತಿನ ಮೇಲೆ ಕ್ಲಿಕ್ ಮಾಡಿ. ಎಡ ಬಲ ಪುಟಗಳ ಫೈಲಾಗಿದ್ದರೆ ಎರಡರಲ್ಲೂ ಕೂರಿಸಬೇಕು, ಇಲ್ಲವಾದರೆ ಒಂದು ಪುಟ ಬಿಟ್ಟು ಒಂದು ಪುಟಕ್ಕೆ ಬರುತ್ತದೆ. ಚಿತ್ರವನ್ನು ಮೊದಲೇ ಗ್ರೇಸ್ಕೇಲ್ ಟಿಫ್ ಮಾಡಿಟ್ಟುಕೊಂಡು ಪ್ಲೇಸ್ ಮಾಡಿ. ಡಿಫೈನ್ ಕಲರ್ಸ್‌ನಲ್ಲಿ ನ್ಯೂ ಒತ್ತಿ, ಟೈಪ್‌ನಲ್ಲಿ ಟಿಂಟ್ ಆರಿಸಿ, ಮೂಲ ಬಣ್ಣಕ್ಕೆ 12 ಕೊಟ್ಟು ಆ ಬಣ್ಣವನ್ನೇ ಚಿತ್ರಕ್ಕೆ ಹಚ್ಚಿ. ಪುಟಕ್ಕೆ ಮರಳಿದಾಗ ಮಾಸ್ಟರಿನಲ್ಲಿರುವುದೆಲ್ಲ ತಾನಾಗಿ ಮ್ಯಾಟರ್‌ನ ಕೆಳಗೆ ಹೋಗುತ್ತದೆ. ಕಾಣಲೇ ಇಲ್ಲವೆಂದರೆ ಎರಡು ಕಡೆ ನೋಡಿ: ವ್ಯೂ ಮೆನುವಿನಲ್ಲಿ ಡಿಸ್‌ಪ್ಲೇ ಮಾಸ್ಟರ್ ಐಟಮ್ಸ್ ಟಿಕ್ ಆಗಿದೆಯೇ, ಮತ್ತು ಮೇಲಿರುವ ಬಾಕ್ಸಿನ ಫಿಲ್ 'ಪೇಪರ್' ಆಗಿದೆಯೇ. ಪೇಪರ್ ಎಂದರೆ ಬಿಳಿ ಬಳಿದ ಹಾಗೆ, ಕೆಳಗಿನದನ್ನು ಮುಚ್ಚುತ್ತದೆ. ಫಿಲ್ 'ನನ್' ಇರಬೇಕು. ವಾಟರ್‌ಮಾರ್ಕ್ ಅರ್ಧ ಮಾತ್ರ ಕಾಣುತ್ತಿದ್ದರೆ ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ.

ಚಿತ್ರ, ಡಿಸೈನ್ ಕೆಲಸದ ಕೋರಲ್ ಡ್ರಾದಲ್ಲಿ ಆಬ್ಜೆಕ್ಟ್ ಮ್ಯಾನೇಜರ್ (ಈಚಿನ ವರ್ಷನ್‌ಗಳಲ್ಲಿ ಅದರ ಹೆಸರು ಆಬ್ಜೆಕ್ಟ್ಸ್) ತೆರೆದು ಎಲ್ಲ ಪುಟಗಳಿಗೂ ಅನ್ವಯಿಸುವ ಹೊಸ ಮಾಸ್ಟರ್ ಲೇಯರ್ (ಪದರ) ಮಾಡಿ, ಪಟ್ಟಿಯಲ್ಲಿ ಅದನ್ನು ಎಳೆದು ಮ್ಯಾಟರ್ ಇರುವ ಲೇಯರ್‌ನ ಕೆಳಗೆ ಬಿಡಿ. ಒಂದೇ ಪುಟದ ಪಾಂಪ್ಲೆಟ್‌ಗೆ ಇಷ್ಟೆಲ್ಲ ಬೇಡ, ಶಿಫ್ಟ್ ಪೇಜ್ ಡೌನ್ ಒತ್ತಿ ಹಿಂದಕ್ಕೆ ಕಳಿಸಿದರಾಯಿತು. ಇಲ್ಲಿ ಬಹಳ ಜನ ಎಡವುವುದು ಅಂಕಿಯಲ್ಲಿ. ಕೋರಲ್ ಕೇಳುವುದು ಟ್ರಾನ್ಸ್‌ಪರೆನ್ಸಿ, ಅಂದರೆ 90 ಕೊಟ್ಟರೆ ತೆಳು. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್ ಕೇಳುವುದು ಒಪ್ಯಾಸಿಟಿ, ಅಲ್ಲಿ 90 ಎಂದರೆ ದಟ್ಟ, ತೆಳು ಬೇಕಾದರೆ 10. ಎರಡರಲ್ಲೂ ಕೆಲಸ ಮಾಡುವವರ ಕೈ ಇದನ್ನು ಅದಲುಬದಲು ಮಾಡುತ್ತಲೇ ಇರುತ್ತದೆ.

ಬಣ್ಣದ ಹಿನ್ನೆಲೆಯ ಮೇಲೆ ಜೆಪೆಗ್ ಲೋಗೋ ಇಟ್ಟಾಗ ಸುತ್ತ ಬಿಳಿ ಚೌಕ ಕಂಡರೆ, ಬಣ್ಣ ಬೆರೆಯುವ ಮೋಡ್ ಅನ್ನು ಮಲ್ಟಿಪ್ಲೈ ಮಾಡಿ. ಕೋರಲ್, ಇನ್‌ಡಿಸೈನ್ ಎರಡರಲ್ಲೂ ಇದೆ.

ಇನ್‌ಡಿಸೈನ್‌ನಲ್ಲಿ ಎಫ್7 ಒತ್ತಿ ಲೇಯರ್ ಪ್ಯಾನೆಲ್ ತೆರೆಯಿರಿ. ಎಲ್ಲಕ್ಕಿಂತ ಕೆಳಗೆ ಒಂದು ಲೇಯರ್ ಮಾಡಿ, ಮಾಸ್ಟರ್ ಪೇಜಿಗೆ ಹೋಗಿ (ಈಚಿನ ವರ್ಷನ್‌ಗಳಲ್ಲಿ ಅದರ ಹೆಸರು ಪೇರೆಂಟ್ ಪೇಜ್) ಆ ಲೇಯರಿನಲ್ಲೇ ಚಿತ್ರ ಇಟ್ಟು ಲಾಕ್ ಹಾಕಿ. ಲಾಕ್ ಹಾಕದಿದ್ದರೆ ಮರುದಿನ ಯಾರೋ ಮ್ಯಾಟರ್ ಸರಿಸಲು ಹೋಗಿ ಲೋಗೋ ಸರಿಸಿರುತ್ತಾರೆ. ಇಲ್ಲಿಯೂ ಒಪ್ಯಾಸಿಟಿಗಿಂತ ಸ್ವಾಚಸ್ ಪ್ಯಾನೆಲ್ಲಿನ ಟಿಂಟ್ ಲೇಸು. ಪಿಡಿಎಫ್ ಎಕ್ಸ್-1ಎ (ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆ) ಕೇಳುವ ಪ್ರೆಸ್ಸಿಗೆ ಕಳಿಸುವಾಗ ಟ್ರಾನ್ಸ್‌ಪರೆನ್ಸಿ ಎಲ್ಲ ಫ್ಲಾಟ್ ಆಗುತ್ತದೆ, ಅಂದರೆ ಕೆಳಗಿನದರೊಂದಿಗೆ ಬೆರೆತು ಒಂದಾಗುತ್ತದೆ. ಆಗ ಟ್ರಾನ್ಸ್‌ಪರೆಂಟ್ ಚಿತ್ರದ ಕೆಳಗೆ ಸಿಕ್ಕ ಅಕ್ಷರ ಕೆಲವೆಡೆ ದಪ್ಪಗಾಗುವುದು, ಅಂಚು ಒರಟಾಗುವುದು ಉಂಟು. ಟಿಂಟ್‌ಗೆ ಈ ಕಾಟವಿಲ್ಲ.

ವರ್ಡ್‌ನಲ್ಲಿ ಡಿಸೈನ್ ಮೆನುವಿನ ವಾಟರ್‌ಮಾರ್ಕ್, ಲಿಬ್ರೆ ಆಫೀಸ್‌ನಲ್ಲಿ ಫಾರ್ಮ್ಯಾಟ್ ಮೆನುವಿನ ವಾಟರ್‌ಮಾರ್ಕ್, ಹೆಚ್ಚು ಹೇಳುವಂಥದ್ದಿಲ್ಲ. ವರ್ಡ್‌ನದು ಹೆಡರ್‌ನಲ್ಲಿ ಕೂರುತ್ತದೆ ಎಂಬುದೊಂದು ನೆನಪಿದ್ದರೆ, ಸೆಕ್ಷನ್ ಬ್ರೇಕ್ ಆದ ನಂತರ ಅದು ಏಕೆ ಮಾಯವಾಯಿತು, ಡಿಲೀಟ್ ಏಕೆ ಆಗುತ್ತಿಲ್ಲ ಎಂಬ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ: ಹೆಡರ್ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ.

ಈಗ ಕನ್ನಡದ ಅಕ್ಷರದ ಮಾತು. 'ಕರಡು', 'ನಕಲು' ಎಂದು ಬರೆಯುವುದಿದ್ದರೆ ದಪ್ಪ ಫಾಂಟ್ ಆರಿಸಿ. ತೆಳು ಗೆರೆಯ ಫಾಂಟಿಗೆ 10 ಪರ್ಸೆಂಟ್ ಟಿಂಟ್ ಕೊಟ್ಟರೆ ಒತ್ತಕ್ಷರ ಬರೀ ಚುಕ್ಕೆಗಳಾಗಿ ಒಡೆಯುತ್ತದೆ. ಪೇಜ್‌ಮೇಕರ್ ಯೂನಿಕೋಡ್ (ಮೊಬೈಲ್, ವೆಬ್‌ನಲ್ಲಿ ಬಳಸುವ ಅಕ್ಷರ ಸಂಕೇತ) ಅರಿಯದು, ಅಲ್ಲಿ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳೇ ಗತಿ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಫೈಲ್ ಹೋದರೆ 'ನಕಲು' ಎಂದಿದ್ದದ್ದು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಪುಟದ ತುಂಬ ಮಲಗಿರುತ್ತದೆ. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಕರ್ವ್ಸ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿಯೇ ಕಳಿಸಿ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಿಂದ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ.

ಸಂಘ ಸಂಸ್ಥೆಯವರು ಲೆಟರ್‌ಹೆಡ್‌ಗೆ ನಾಲ್ಕು ಸಿಂಹದ ಲಾಂಛನ ಹಿಂದೆ ಹಾಕಿಕೊಡಿ ಎನ್ನುತ್ತಾರೆ. ಹಾಕಬೇಡಿ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಗೆ 2005ರ ಕಾಯ್ದೆಯೇ ಇದೆ. ತೆಳುವಾಗಿ ಹಾಕಿದರೂ ಅದು ಲಾಂಛನವೇ.

ಕೊನೆಗೆ ಪ್ರೂಫ್. ಇದು ಮೇಲೆಯೇ ಇರಬೇಕು, ಫೋಟೋ ಇದ್ದರೆ ಅದನ್ನೂ ಹಾದು ಹೋಗಬೇಕು; ಇಲ್ಲಿ 25–30 ಪರ್ಸೆಂಟ್ ಇದ್ದರೂ ತಪ್ಪಿಲ್ಲ. ಪಿಡಿಎಫ್ ಕಳಿಸಿದರೆ ಕೋರಲ್ ಗೊತ್ತಿದ್ದವರು ತೆರೆದು 'ಪ್ರೂಫ್' ಅಳಿಸಿ ಬೇರೆಡೆ ಅಚ್ಚು ಹಾಕಿಸಬಹುದು. 100 ಪಿಪಿಐ (ಇಂಚಿಗೆ 100 ಪಿಕ್ಸೆಲ್) ಜೆಪೆಗ್ ಮಾಡಿ ಕಳಿಸಿ: ಓದಿ ತಿದ್ದಲು ಸಾಕು, ಅಚ್ಚಿಗೆ ಸಾಲದು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಇನ್ನೂ ಕುಗ್ಗಿ ಸಣ್ಣ ಅಕ್ಷರ ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಆ 'ಪ್ರೂಫ್' ತೆಗೆಯಲು ಮರೆತು ಪ್ಲೇಟ್ ಹಾಕಿಸಿದರೆ ಸಾವಿರ ಕಾರ್ಡ್ ರದ್ದಿಗೆ. ನೆನಪಿನ ಮೇಲೆ ಭಾರ ಹಾಕದೆ ಸಾಫ್ಟ್‌ವೇರಿಗೇ ಬಿಡಿ. ಇನ್‌ಡಿಸೈನ್‌ನಲ್ಲಿ ಆ ಲೇಯರಿನ ಆಯ್ಕೆಗಳಲ್ಲಿ ಪ್ರಿಂಟ್ ಲೇಯರ್ ಟಿಕ್ ತೆಗೆದಿಡಿ. ಗಿರಾಕಿಯ ಪ್ರೂಫ್‌ಗೆ ಮೊದಲು ಪಿಡಿಎಫ್ ಮಾಡಿ, ಎಕ್ಸ್‌ಪೋರ್ಟ್ ಲೇಯರ್ಸ್‌ನಲ್ಲಿ 'ವಿಸಿಬಲ್ ಲೇಯರ್ಸ್' ಆರಿಸಿ, ಅದನ್ನು ಜೆಪೆಗ್ ಮಾಡಿಕೊಳ್ಳಿ. ಪ್ರೆಸ್ಸಿಗೆ 'ವಿಸಿಬಲ್ ಅಂಡ್ ಪ್ರಿಂಟಬಲ್ ಲೇಯರ್ಸ್' ಎಂದರೆ 'ಪ್ರೂಫ್' ತಾನಾಗಿ ಬಿಟ್ಟುಹೋಗುತ್ತದೆ. ಕೋರಲ್‌ನಲ್ಲಿ ಲೇಯರ್ ಹೆಸರಿನ ಪಕ್ಕದ ಪ್ರಿಂಟರ್ ಗುರುತನ್ನು ಆಫ್ ಮಾಡಿಟ್ಟು, ಪ್ರೂಫ್ ತೆಗೆಯುವಾಗ ಮಾತ್ರ ಆನ್ ಮಾಡಿ. ಪೇಜ್‌ಮೇಕರ್‌ನಲ್ಲಿ ಎಲಿಮೆಂಟ್ ಮೆನುವಿನ ನಾನ್ ಪ್ರಿಂಟಿಂಗ್ ಕೊಟ್ಟಿಡಿ. ಪ್ರೂಫ್ ಪ್ರಿಂಟ್ ತೆಗೆಯುವಾಗ ಪ್ರಿಂಟ್ ಬಾಕ್ಸಿನಲ್ಲಿ ಇಗ್ನೋರ್ ನಾನ್ ಪ್ರಿಂಟಿಂಗ್ ಸೆಟ್ಟಿಂಗ್ ಟಿಕ್ ಮಾಡಿ, ಕೆಲಸವಾದ ಕೂಡಲೇ ಆ ಟಿಕ್ ತೆಗೆಯಿರಿ.